ಗೆಜ್ಜೆ ಬಿಚ್ಚುವ ಹೊತ್ತು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಕೆಲವು ಸುದ್ದಿಗಳಿಗೆ ಪತ್ರಿಕೆಯ ಹಂಗಿಲ್ಲ. ಅಡಿಕೆಯ ಧಾರಣೆ ಒಂದು; ಮಾರಿಕಾಂಬೆಯ ಜಾತ್ರೆಗೆ ಯಾವ ಮೇಳದ ಡೇರೆ ಬರುತ್ತದೆಂಬುದು ಇನ್ನೊಂದು; ಇಂಥ ಹಿರಿಯ ವೇಷಧಾರಿ ಈ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರಂತೆ ಎಂಬುದು ಮೂರನೆಯದು. ಈ ಮೂರನೆಯ ಸುದ್ದಿ ಹಬ್ಬಿದಾಗ ಮದುವೆಮನೆಯ ಚಪ್ಪರದಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ, ಬಸ್ಸಿಗೆ ಕಾಯುವ ಕಟ್ಟೆಯಲ್ಲಿ ನಡೆಯುವ ಚರ್ಚೆಯನ್ನು ನಾನು ಅನೇಕ ಸಲ ಕೇಳಿದ್ದೇನೆ. ಅದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಯಾರೂ ನಂಬುವುದಿಲ್ಲ. ಆಮೇಲೆ ಚೌಕಾಸಿ ಪ್ರಾರಂಭವಾಗುತ್ತದೆ: "ಇನ್ನೆರಡು ವರ್ಷ ಕುಣಿಯಲಿ ಮಾರಾಯ, ಅಂಥ ವಯಸ್ಸೇನಾಗಿದೆ?" ಅಷ್ಟರಲ್ಲಿ ಮೂಲೆಯಲ್ಲಿ ಕವಳ ಹಾಕುತ್ತ ಕುಳಿತ ಹಿರಿಯರೊಬ್ಬರು, "ಐದು ವರ್ಷದ ಹಿಂದೆಯೇ ಬಿಡಬೇಕಿತ್ತು" ಎಂದು ಎಲ್ಲರ ಕೋಪಕ್ಕೂ ಪಾತ್ರರಾಗುತ್ತಾರೆ. ಅವರಿಗೆ ಉತ್ತರ ಕೊಡುವ ಭರದಲ್ಲಿ ಉಳಿದವರೆಲ್ಲ ಒಮ್ಮತಕ್ಕೆ ಬರುತ್ತಾರೆ: ಅವರು ಬಿಡಲಾರರು, ಬಿಡುತ್ತೇನೆಂದರೂ ನಾವು ಬಿಡಗೊಡುವುದಿಲ್ಲ.

ಈ ಕೊನೆಯ ಮಾತಿನಲ್ಲಿ ಪ್ರೀತಿ ಎಷ್ಟಿದೆ, ಹಟವೆಷ್ಟಿದೆ ಎಂಬುದನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ. ಆದರೂ ನೋಡಬೇಕಾಗಿದೆ.

ಕವಿಗೆ ನಿವೃತ್ತಿಯ ಪ್ರಶ್ನೆ ಅಷ್ಟಾಗಿ ಬಾರದು. ಎಂಬತ್ತರಲ್ಲಿಯೂ ಒಂದು ಒಳ್ಳೆಯ ಸಾಲು ಹೊಳೆದೀತು. ಗವಾಯಿಯ ಕಂಠ ಸೋತರೂ ಅವನ ರಾಗಜ್ಞಾನ ಮಾಗುತ್ತಲೇ ಇರುತ್ತದೆ. ಕುಣಿಯುವವನ ಸ್ಥಿತಿ ಹಾಗಲ್ಲ. ಅವನ ವಾದ್ಯ ಅವನ ಮೊಣಕಾಲು. ನಮ್ಮ ಬಡಾಬಡಗಿನ ಆಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೈತುಂಬ ಬಿಗಿದ ವೇಷ, ತಲೆಯ ಮೇಲೆ ಮುಂಡಾಸೋ ಕಿರೀಟವೋ, ಕಾಲಿಗೆ ಗೆಜ್ಜೆ. ಇಷ್ಟನ್ನೂ ಹೊತ್ತು ಒಡ್ಡೋಲಗದ ಕುಣಿತ, ಭಾಗವತರ ಪದ್ಯದ ಮಾತುಮಾತಿಗೂ ಅಭಿನಯ, ನಡುವೆ ಏದುಸಿರನ್ನು ಅಡಗಿಸಿಕೊಂಡು ಅರ್ಥಗಾರಿಕೆ. ಪ್ರೇಕ್ಷಕರು ಕಾದು ಕುಳಿತ ಘಳಿಗೆಯಲ್ಲಿ ಮೊಣಕಾಲನ್ನು ನೆಲಕ್ಕೂರಿ ರಂಗಸ್ಥಳದ ಉದ್ದಗಲಕ್ಕೂ ತಿರುಗುವ ಮಂಡಿ. ಚಂಡೆಯ ಪೆಟ್ಟು ಏರಿದಂತೆ ಸುತ್ತುಗಳೂ ಏರಬೇಕು. ನಾವು ಶಿಳ್ಳೆ ಹಾಕುತ್ತೇವೆ, ಎಣಿಸುತ್ತೇವೆ, ಮರುದಿನ ಅಂಕೆಯನ್ನು ಊರೆಲ್ಲ ಹೇಳಿಕೊಂಡು ಬರುತ್ತೇವೆ. ಆ ಮೊಣಕಾಲಿನ ಮರುದಿನ ಹೇಗಿತ್ತೆಂದು ವಿಚಾರಿಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ದೀಪಾವಳಿಯ ನಂತರ ಹೊರಟ ಮೇಳ ಮಳೆಗಾಲ ಹಿಡಿಯುವವರೆಗೆ ತಿರುಗಬೇಕು. ಇಂದು ಘಟ್ಟದ ಕೆಳಗೆ ಆಟವಾದರೆ ನಾಳೆ ದೇವಿಮನೆ ಘಟ್ಟ ಹತ್ತಿ ಶಿರಸಿಗೋ, ಮಾವಿನಗುಂಡಿಯ ದಾರಿಯಾಗಿ ಸಿದ್ದಾಪುರಕ್ಕೋ ಬರಬೇಕು. ಕಾಲಮಿತಿಯ ಆಟಗಳು ಬಂದ ಮೇಲೆ ಜಾಗರಣೆ ತುಸು ಕಡಿಮೆಯಾಗಿದೆ ಎನ್ನಬಹುದು; ಆದರೆ ಬೆಳಗಿನವರೆಗೆ ಹಂಚಿಹೋಗುತ್ತಿದ್ದ ಕುಣಿತವನ್ನು ಮೂರು ನಾಲ್ಕು ತಾಸಿನಲ್ಲಿ ಹಿಂಡಿ ತೆಗೆಯುವುದರಿಂದ ದೇಹಕ್ಕೆ ಲಾಭವಾಯಿತೋ ನಷ್ಟವಾಯಿತೋ, ಕುಣಿಯುವವರೇ ಹೇಳಬೇಕು.

ಕುಣಿಯುವ ದೇಹದ ಈ ಸಂಕಟ ನಮ್ಮ ಘಟ್ಟಕ್ಕೆ ಮಾತ್ರ ಸೇರಿದ್ದಲ್ಲ. ಹಿಮದ ನಾಡುಗಳಲ್ಲಿ ಕನ್ನಡಿಯಂಥ ಮಂಜುಗಡ್ಡೆಯ ಮೇಲೆ, ಕತ್ತಿಯಲುಗು ಜೋಡಿಸಿದ ಪಾದರಕ್ಷೆ ತೊಟ್ಟು, ಸಂಗೀತಕ್ಕೆ ಸರಿಯಾಗಿ ಜಾರುತ್ತ ಗಾಳಿಯಲ್ಲಿ ಸುತ್ತು ಹಾಕಿ ಇಳಿಯುವ ಒಂದು ಕ್ರೀಡೆಯಿದೆ. ಫಿಗರ್ ಸ್ಕೇಟಿಂಗ್ ಎಂದು ಅದರ ಹೆಸರು. ಕ್ರೀಡೆಯೆಂದರೆ ಕ್ರೀಡೆ, ನೃತ್ಯವೆಂದರೆ ನೃತ್ಯ. ಅದರಲ್ಲಿ ಜಪಾನಿನ ಸೆಂಡಾಯ್ ಊರಿನ ಯುಜುರು ಹನ್ಯು ಎಂಬ ತರುಣ 2014ರಲ್ಲಿ ಸೋಚಿಯಲ್ಲಿ, 2018ರಲ್ಲಿ ಪ್ಯೊಂಗ್‌ಚಾಂಗಿನಲ್ಲಿ, ಹೀಗೆ ಸಾಲಾಗಿ ಎರಡು ಒಲಿಂಪಿಕ್ ಚಿನ್ನ ಗೆದ್ದ. ಅವನ ಕುಣಿತ ಮುಗಿಯುತ್ತಲೇ ಅಭಿಮಾನಿಗಳು ಮಂಜಿನ ಮೇಲೆ ಹಳದಿ ಬಣ್ಣದ ಕರಡಿ ಬೊಂಬೆಗಳನ್ನು ಮಳೆಗರೆಯುತ್ತಿದ್ದರು. ಅವನ್ನು ಹೆಕ್ಕುವುದಕ್ಕೆಂದೇ ಮಕ್ಕಳ ಒಂದು ಪಡೆ ಸಿದ್ಧವಿರುತ್ತಿತ್ತು. ನಮ್ಮಲ್ಲಿ ಮೆಚ್ಚಿದ ವೇಷಕ್ಕೆ ನೋಟಿನ ಹಾರ ಹಾಕುವುದಿಲ್ಲವೇ, ಹಾಗೆ. 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ನೋಯುವ ಕಣಕಾಲಿನಲ್ಲಿ, ಅಲ್ಲಿಯವರೆಗೆ ಯಾರೂ ಸ್ಪರ್ಧೆಯಲ್ಲಿ ಸಾಧಿಸದಿದ್ದ ನಾಲ್ಕೂವರೆ ಸುತ್ತಿನ ಜಿಗಿತಕ್ಕೆ ಕೈಹಾಕಿ ಬಿದ್ದು, ನಾಲ್ಕನೆಯ ಸ್ಥಾನಕ್ಕೆ ನಿಂತ. ಅದೇ ವರ್ಷದ ಜುಲೈಯಲ್ಲಿ, ಇನ್ನು ಸ್ಪರ್ಧೆಗೆ ಇಳಿಯುವುದಿಲ್ಲವೆಂದು ಪ್ರಕಟಿಸಿದ. ಆಗ ಅವನಿಗೆ 27 ವರ್ಷ. ಜಪಾನಿನಲ್ಲಿ ಅಂದು ಅದು ಮೊದಲ ಪುಟದ ಸುದ್ದಿಯಾಯಿತು. ಮನೆಯವರೊಬ್ಬರು ದೂರದೂರಿಗೆ ಹೊರಟಂತೆ ಜನ ಮರುಗಿದರು. ಆದರೆ ಅವನು ಬಿಟ್ಟದ್ದು ಅಂಕಗಳ ಸ್ಪರ್ಧೆಯನ್ನು ಮಾತ್ರ, ಮಂಜನ್ನಲ್ಲ. 2023ರ ಫೆಬ್ರವರಿಯಲ್ಲಿ ಟೋಕಿಯೋ ಡೋಮಿನಲ್ಲಿ ಒಬ್ಬನೇ ನಡೆಸಿಕೊಟ್ಟ ಪ್ರದರ್ಶನಕ್ಕೆ 35,000 ಜನ ಬಂದು ಕುಳಿತರು. ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಆಡುವವನೇ ನಿರ್ಧರಿಸಿದ, ನೋಡುವವರು ಒಪ್ಪಿಕೊಂಡರು. ಈ ಒಪ್ಪಿಗೆಯೇ ನನಗೆ ದೊಡ್ಡದಾಗಿ ತೋರುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಅಭಿಮಾನ ಎಂಬ ಶಬ್ದಕ್ಕೆ ಈ ಜಿಲ್ಲೆಯಲ್ಲಿ ಒಂದು ಮುಖವಿದ್ದರೆ ಅದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು. 1933ರಲ್ಲಿ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲನ್ನು ಬಹಳ ಹತ್ತದೆ ಎಳೆಯ ವಯಸ್ಸಿನಲ್ಲಿಯೇ ಮೇಳ ಸೇರಿದವರು, 2012ರಲ್ಲಿ ಪದ್ಮಶ್ರೀ ಪಡೆಯುವ ಮಟ್ಟಕ್ಕೆ ಏರಿದರು. ಅದಕ್ಕೆ ಮೊದಲು ಯಕ್ಷಗಾನದ ಯಾವ ಕಲಾವಿದನಿಗೂ ಆ ಗೌರವ ಸಂದಿರಲಿಲ್ಲ. ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಕಾರ್ತವೀರ್ಯ ಇವುಗಳನ್ನು ಕಂಡವರು ಇಂದಿಗೂ ಬೇರೆಯವರ ವೇಷ ನೋಡುವಾಗ ಮನಸ್ಸಿನೊಳಗೊಂದು ಅಳತೆಗೋಲು ಹಿಡಿದೇ ಕುಳಿತಿರುತ್ತಾರೆ. ಮಾತಿಗಿಂತ ಮೈಯನ್ನು ನಂಬಿದ ನಟ ಅವರು. ಮೋಹಿನಿಯನ್ನು ಕಂಡ ಭಸ್ಮಾಸುರನ ಮೈಯಲ್ಲಿ ಕಾಮ ಮೊದಲು ಎಲ್ಲಿ ಹುಟ್ಟಿತು, ಹುಬ್ಬಿನಲ್ಲೋ, ಭುಜದಲ್ಲೋ, ಪಾದದ ತುದಿಯಲ್ಲೋ ಎಂದು ವಾದಿಸುತ್ತ ಇರುಳು ಕಳೆದ ರಸಿಕರಿದ್ದಾರೆ. ಅವರ ಶೃಂಗಾರ ಅತಿಯಾಯಿತೆಂದು ಆಕ್ಷೇಪಿಸಿದವರೂ ಇದ್ದರು. ಪಾತ್ರೌಚಿತ್ಯವನ್ನೇ ಮುಂದಿಟ್ಟುಕೊಂಡು ನಡೆದ ಕೆರೆಮನೆಯ ಪರಂಪರೆಯೊಂದಿಗೆ ಹೋಲಿಸಿ ತೂಗುವವರೂ ಇದ್ದರು. ಆ ವಾದವನ್ನು ಇಲ್ಲಿ ಎತ್ತುವುದಿಲ್ಲ. ಆಕ್ಷೇಪಿಸಿದವರೂ ಅವರ ಆಟಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲವೆಂಬುದು ಮಾತ್ರ ಗಮನಾರ್ಹ.

ಚಿಟ್ಟಾಣಿಯವರು ಗೆಜ್ಜೆ ಬಿಚ್ಚಲೇ ಇಲ್ಲ. ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. 2017ರ ಅಕ್ಟೋಬರ್ 3ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರು ನಿವೃತ್ತ ಕಲಾವಿದರಾಗಿರಲಿಲ್ಲ. ಎಪ್ಪತ್ತು ದಾಟಿದ ಅವರ ಭಸ್ಮಾಸುರನನ್ನು ನಾನು ನೋಡಿದ್ದೇನೆ. ಚೌಕಿಯಲ್ಲಿ ಅವರು ಸಣಕಲು ಮೈಯ ಒಬ್ಬ ಮುದುಕರು. ಬಣ್ಣ ಹಚ್ಚಿ, ಪರದೆ ಸರಿದು ಚಂಡೆಯ ಸದ್ದು ಕಿವಿಗೆ ಬಿದ್ದೊಡನೆ ಮೂವತ್ತು ವರ್ಷ ಎಲ್ಲಿಯೋ ಕಳಚಿಬಿದ್ದುವು. ಜನ ಎದ್ದು ನಿಂತು 'ಒನ್ಸ್ ಮೋರ್' ಎಂದು ಕೂಗಿದರು. ಭಾಗವತರು ಪದ್ಯವನ್ನು ಮತ್ತೆ ಎತ್ತಿಕೊಂಡರು. ಅವರು ಮತ್ತೆ ಕುಣಿದರು. ಕೂಗಿದವರಲ್ಲಿ ನಾನೂ ಇದ್ದೆ. ಅಂದಿನ ಆ ಎರಡನೆಯ ಕುಣಿತ ಮೊದಲನೆಯದಕ್ಕಿಂತ ಚೆನ್ನಾಗಿತ್ತೆಂದು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಈ ವಿಷಯದ ತೊಡಕೆಲ್ಲ ಇರುವುದು ಅಲ್ಲಿಯೇ. ಕೂಗು ಕಲಾವಿದನನ್ನು ಸವೆಸುತ್ತದೆ, ಬದುಕಿಸುತ್ತದೆ ಕೂಡ.

ಇನ್ನೊಂದು ಉದಾಹರಣೆ ಕೆರೆಮನೆಯದೇ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ದೇಶವಿದೇಶಗಳಿಗೆ ಕೊಂಡೊಯ್ದ ಅವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯ ಮೊದಲಲ್ಲಿ, ಇಡಗುಂಜಿಯಲ್ಲಿ, ಲವಕುಶರ ಕಥೆಯ ರಾಮನಾಗಿ ವೇಷ ಕಟ್ಟಿದ ರಾತ್ರಿಯೇ ಅಸ್ವಸ್ಥರಾಗಿ ಕೊನೆಯುಸಿರೆಳೆದರು. ಸುದ್ದಿ ಘಟ್ಟದ ಮೇಲೆ ಬಂದಾಗ ಜನರು ಆಡಿದ ಮಾತು ನೆನಪಿದೆ: "ಕಲಾವಿದನಿಗೆ ಇದಕ್ಕಿಂತ ದೊಡ್ಡ ಸಾವುಂಟೇ?" ಆ ಮಾತು ಶೋಕದಲ್ಲಿ ಬಂದುದು, ಪ್ರಾಮಾಣಿಕವಾದುದು. ಆದರೂ ಅದನ್ನು ಪದೇ ಪದೇ ಆಡುವುದು ನನಗೆ ಅಷ್ಟು ಹಿತವೆನಿಸುವುದಿಲ್ಲ. ಒಬ್ಬರಿಗೆ ಬಂದೊದಗಿದುದನ್ನು ಎಲ್ಲರಿಗೂ ಆದರ್ಶವೆಂದು ಹೇಳತೊಡಗಿದರೆ, ನೋವನ್ನು ಹೇಳಿಕೊಂಡು ಕುಣಿತ ಬಿಟ್ಟವನು ಕಲೆಗೆ ತಪ್ಪಿ ನಡೆದವನಂತೆ ಕಂಡಾನು. ಹುತಾತ್ಮರನ್ನು ಬೇಡುವ ಚಟ ದೇಶಭಕ್ತಿಗೇ ಅಪಾಯವೆಂದ ಮೇಲೆ ರಸಿಕತೆಗೆ ಹೇಗೆ ಹಿತವಾದೀತು?

ಚಿಟ್ಟಾಣಿಯವರು ಹೋದ ಆ ತಿಂಗಳಲ್ಲಿಯೇ ಕರ್ನಾಟಕ ಮತ್ತೊಂದು ಬಗೆಯ ಬೀಳ್ಕೊಡುಗೆಯನ್ನೂ ಕಂಡಿತು. 1957ರಿಂದ ಚಲನಚಿತ್ರಗಳಿಗೆ ಹಾಡುತ್ತ ಬಂದಿದ್ದ ಎಸ್. ಜಾನಕಿಯವರು, ಇನ್ನು ವೇದಿಕೆಯಲ್ಲಿ ಹಾಡುವುದಿಲ್ಲವೆಂದು ಮುಂಚಿತವಾಗಿಯೇ ತಿಳಿಸಿ, 2017ರ ಅಕ್ಟೋಬರ್ ಕೊನೆಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ತಮ್ಮ ಬೀಳ್ಕೊಡುಗೆಯ ಕಚೇರಿಯನ್ನು ನಡೆಸಿಕೊಟ್ಟರು. ಕೇಳುವವರಿಗೆ ಗೊತ್ತಿತ್ತು, ಹಾಡುವವರಿಗೂ ಗೊತ್ತಿತ್ತು. ಗೊತ್ತಿದ್ದು ಕೇಳುವ ಹಾಡಿಗೆ ಬೇರೆಯದೇ ಕಿವಿ ಬೇಕು. ಮುಂದಿನ ಸಲ ಕೇಳೋಣವೆಂಬ ಸೋಮಾರಿತನಕ್ಕೆ ಅಲ್ಲಿ ಎಡೆಯಿಲ್ಲ. ಚಿಟ್ಟಾಣಿಯವರ ಕೊನೆಯ ಕುಣಿತವನ್ನು ಕಂಡವರಿಗೆ ಅದು ಕೊನೆಯದೆಂದು ತಿಳಿದಿರಲಿಲ್ಲ. ನಡುವೆ ಎದ್ದು ಚಹಾ ಕುಡಿಯಲು ಹೋದವರೂ ಇದ್ದಿರಬಹುದು. ಇನ್ನು ಕಾಳಿಂಗ ನಾವಡರನ್ನು ನೆನೆಯುವುದಾದರೆ, ಮೂವತ್ತೆರಡು ಕೂಡ ತುಂಬದ ಆ ಭಾಗವತರು 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಲ್ಲಿ ಹೋಗಿಬಿಟ್ಟಾಗ ವಿದಾಯಕ್ಕೆ ಅವಕಾಶವೇ ದೊರೆಯಲಿಲ್ಲ. ಅವರ ಧ್ವನಿಮುದ್ರಣಗಳನ್ನು ಇಂದಿಗೂ ಹಾಕಿಕೊಂಡು ಕೇಳುವ ನಮ್ಮ ಜನರ ಮುಖದಲ್ಲಿ, ಹಾಡಿನ ಸುಖದ ಜೊತೆಗೆ, ಮುಗಿಯದೆ ಉಳಿದ ಮಾತೊಂದರ ಕೊರಗೂ ಕಾಣುತ್ತದೆ. ಅದನ್ನು ಕಂಡವರು, ಮೊದಲೇ ಹೇಳಿ ಹೊರಡುವ ಕಲಾವಿದನ ಮೇಲೆ ಮುನಿಯಬಾರದು. ಅವನು ನಮಗೆ ಕೊಡುವುದು ಅಪರೂಪದ ಒಂದು ಅವಕಾಶ.

ಹಾಗಾದರೆ ನಮ್ಮ ವೇಷಧಾರಿಗಳು ಏಕೆ ಹೇಳುವುದಿಲ್ಲ? ಗೆಜ್ಜೆಯ ಮೋಹ ಒಂದು ಕಾರಣ, ನಿಜ. ಆದರೆ ಎಲ್ಲರೂ ಬಾಯಿಬಿಟ್ಟು ಆಡದ ಇನ್ನೊಂದು ಕಾರಣವಿದೆ: ಮನೆಯ ಖರ್ಚು. ಮಾಸ್ತರರಿಗೆ ನಿವೃತ್ತಿವೇತನ ಬರುತ್ತದೆ, ಬ್ಯಾಂಕಿನ ಗುಮಾಸ್ತನಿಗೂ ಅವನ ಪಾಲಿನದು ಬರುತ್ತದೆ. ಮೇಳದ ಕಲಾವಿದನಿಗೆ ಆಟವಿದ್ದರೆ ಸಂಭಾವನೆ, ಇಲ್ಲದಿದ್ದರೆ ಇಲ್ಲ. ಐವತ್ತೆಂಟು ದಾಟಿ ಕಷ್ಟದಲ್ಲಿರುವ ಕಲಾವಿದರಿಗೆ ಸರಕಾರ ಮಾಸಾಶನವೊಂದನ್ನು ಇಟ್ಟಿದೆ; ಅದು ಒಂದು ಮನೆಯನ್ನು ನಡೆಸುವಷ್ಟಿಲ್ಲವೆಂದು ಪಡೆಯುವವರಿಗೆ ಗೊತ್ತು. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ನಡೆದುಬಂದ ಸಂಸ್ಥೆ. ಕಲಾವಿದರ ಕಷ್ಟಕಾಲಕ್ಕೆಂದು ನಿಧಿಯನ್ನಿರಿಸಿ, ಅವರ ಮಕ್ಕಳ ಓದಿಗೆ ನೆರವಾಗಿ, ಮನೆಯಿಲ್ಲದವರಿಗೆ ಮನೆಯನ್ನೂ ಕಟ್ಟಿಸಿಕೊಟ್ಟಿದೆ. ಭಾಗವತ ಪಟ್ಲ ಸತೀಶ ಶೆಟ್ಟರ ಮುಂದಾಳುತನದ ಯಕ್ಷಧ್ರುವ ಪ್ರತಿಷ್ಠಾನವೂ ಈ ದಾರಿಯಲ್ಲಿ ದುಡಿದಿದೆ. ಎರಡೂ ಕರಾವಳಿಯವು. ನಮ್ಮ ಮೂರು ತಾಲೂಕುಗಳಲ್ಲಿ ಸಹಕಾರಿ ಸಂಘಗಳಿಗೆ ಬರವಿಲ್ಲ. ಅಡಿಕೆಯನ್ನು ಒಟ್ಟಾಗಿ ಮಾರುವುದನ್ನು ನಾಡಿಗೇ ಕಲಿಸಿಕೊಟ್ಟ ಸೀಮೆ ಇದು. ಆಟಕ್ಕೆ ಖರ್ಚು ಮಾಡುವುದರಲ್ಲಿಯೂ ನಾವು ಕೈಹಿಡಿದವರಲ್ಲ. ಆದರೆ ಆ ಹಣದ ಹಾದಿಯನ್ನು ನೋಡಿ: ಚಪ್ಪರ, ದೀಪ, ಊಟ, ಫಲಕ, ಶಾಲು. ಕಾಲು ಸೋತ ಕಲಾವಿದನೊಬ್ಬ ಮೂರು ವರ್ಷ ಮನೆಯಲ್ಲಿ ಕುಳಿತು ಉಣ್ಣುವಷ್ಟನ್ನು ಊರವರು ಕೂಡಿಸಿಟ್ಟರೆಂಬ ಸುದ್ದಿ ನನ್ನ ಕಿವಿಗೆ ಇನ್ನೂ ಬಿದ್ದಿಲ್ಲ. ಬಿದ್ದ ದಿನ ಈ ಪುಟದಲ್ಲಿ ಸಂತೋಷದಿಂದ ಬರೆಯುತ್ತೇನೆ.

ಶಾಲಿನ ಮಾತು ಬಂದುದರಿಂದ ಸನ್ಮಾನದ ಬಗೆಗೂ ಎರಡು ಮಾತು. ನಮ್ಮಲ್ಲಿ ಹಿರಿಯ ಕಲಾವಿದನಿಗೆ ಗೌರವವೆಂದರೆ, ಆಟದ ನಡುವೆ ಅವನನ್ನು ವೇಷಸಹಿತ ಕುರ್ಚಿಯಲ್ಲಿ ಕೂರಿಸಿ, ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ಭಾಷಣ ಮಾಡುವುದು. ಬಣ್ಣದೊಳಗೆ ಬೆವರುತ್ತ, ಬಿಗಿದ ಕಟ್ಟುಗಳ ನೋವನ್ನು ನುಂಗುತ್ತ, ಅವನು ಕೈಮುಗಿದು ಕುಳಿತಿರಬೇಕು. ಏಳನೆಯ ಭಾಷಣಕಾರರು ಕೊನೆಯಲ್ಲಿ, "ಇವರು ಇನ್ನೂ ನೂರು ವರ್ಷ ಕುಣಿಯುತ್ತಿರಲಿ" ಎಂದು ಹಾರೈಸಿ ಕುಳಿತುಕೊಳ್ಳುತ್ತಾರೆ. ಹಾರೈಕೆಯೋ ಶಿಕ್ಷೆಯೋ ತಿಳಿಯದು!

ಇಷ್ಟು ಹೇಳಿದ ಮೇಲೆ ಕಲಾವಿದರು ಅರುವತ್ತಕ್ಕೆ ರಂಗವನ್ನು ತ್ಯಜಿಸಬೇಕೆಂದು ನಾನು ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕಚೇರಿಯ ನಿಯಮವನ್ನು ಕಲೆಗೆ ಹಚ್ಚಲಾಗದು. ಬೇಕಾದವನು ಎಂಬತ್ತರವರೆಗೆ ಕುಣಿಯಲಿ, ನಾವು ಹೋಗಿ ನೋಡೋಣ. ಸಾಕೆಂದವನಿಗೆ ಸಾಕೆನ್ನುವ ಸ್ವಾತಂತ್ರ್ಯವೂ ಇರಲಿ ಎಂಬಷ್ಟೇ ನನ್ನ ಬೇಡಿಕೆ. ಅದರಲ್ಲಿಯೂ ಈ ಕಲೆಗೆ ಬೇರೆ ಯಾವ ನೃತ್ಯಕ್ಕೂ ಇಲ್ಲದ ಒಂದು ಸೌಕರ್ಯವಿದೆ. ಕಾಲು ನಿಂತರೂ ಇಲ್ಲಿ ಕಲಾವಿದ ನಿಲ್ಲಬೇಕಾಗಿಲ್ಲ. ತಾಳಮದ್ದಳೆಯೆಂಬ ಇನ್ನೊಂದು ಮನೆ ಪಕ್ಕದಲ್ಲಿಯೇ ಇದೆ. ಅಲ್ಲಿ ಬಣ್ಣವಿಲ್ಲ, ಗೆಜ್ಜೆಯಿಲ್ಲ, ಮಂಡಿಯಿಲ್ಲ. ಭಾಗವತರ ಪದ್ಯವುಂಟು, ಮದ್ದಳೆಯುಂಟು, ಕುಳಿತು ಆಡುವ ಮಾತುಂಟು. ಮಳೆಗಾಲದ ಸಂಜೆ ಸೋಂದೆಯ ಕಡೆಗೋ ಮಂಚೀಕೇರಿಯ ಕಡೆಗೋ ಹೋದರೆ ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಒಳಗೆ ವಾಲಿ ರಾಮನನ್ನು ಪ್ರಶ್ನಿಸುತ್ತಿರುತ್ತಾನೆ. ಐವತ್ತು ವರ್ಷ ರಂಗದಲ್ಲಿ ರಾಮನಿಂದ ಬಾಣ ತಿಂದ ವಾಲಿ, ಕುಳಿತು ಮಾತನಾಡತೊಡಗಿದಾಗ, ಕುಣಿಯುವಾಗ ಹೊಳೆಯದೆ ಇದ್ದ ಪ್ರಶ್ನೆಗಳನ್ನು ಕೇಳಿಯಾನು. ಮಾತಿನ ನಟರಲ್ಲದ, ಬರಿಯ ಕುಣಿತದ ಕಲಾವಿದರಿಗೆ ಈ ಮನೆ ಅಷ್ಟು ಒಗ್ಗದು, ಒಪ್ಪುತ್ತೇನೆ. ಅವರಿಗೆ ಕಲಿಸುವ ಕೆಲಸವಿದೆ. ಹೊಸ್ತೋಟ ಮಂಜುನಾಥ ಭಾಗವತರು ನಮ್ಮ ಸೀಮೆಯವರೇ. 2020ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ಊರೂರಿಗೆ ಹೋಗಿ ಮಕ್ಕಳಿಗೆ ಹೆಜ್ಜೆ ಕಲಿಸಿದರು, ಪ್ರಸಂಗಗಳನ್ನು ಬರೆದರು, ಕಣ್ಣಿಲ್ಲದವರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಡೇರೆಯ ದೀಪದ ಕೆಳಗೆ ನಿಂತು ಚಪ್ಪಾಳೆ ಗಿಟ್ಟಿಸಿದುದಕ್ಕಿಂತ ಅದು ಕಡಿಮೆಯ ಸೇವೆಯೆಂದು ಯಾರು ಹೇಳಬಲ್ಲರು?

ಇನ್ನು ನೋಡುವವರ ಒಂದು ದೋಷ. ಹಿರಿಯರು ಬಿಟ್ಟ ವೇಷವನ್ನು ಕಿರಿಯನೊಬ್ಬ ಎತ್ತಿಕೊಂಡಾಗ ನಾವು ಮೊದಲ ಹತ್ತು ನಿಮಿಷದಲ್ಲಿಯೇ ತೀರ್ಪು ಕೊಟ್ಟು ಎದ್ದು ಹೋಗುತ್ತೇವೆ. "ಆ ಕೀಚಕನನ್ನು ನೋಡಿದ ಕಣ್ಣಿನಿಂದ ಇದನ್ನು ಹೇಗೆ ನೋಡುವುದು?" ಚಿಟ್ಟಾಣಿಯವರ ಮಕ್ಕಳು, ಮೊಮ್ಮಗ ಅದೇ ರಂಗಸ್ಥಳದಲ್ಲಿ ಗೆಜ್ಜೆ ಕಟ್ಟಿದವರು, ಅವರ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ನಾವು ಅಜ್ಜನನ್ನು ಹುಡುಕುತ್ತೇವೆ. ಹುಡುಕುವುದು ತಪ್ಪಲ್ಲ, ಸಿಗದಿದ್ದಾಗ ಸಿಟ್ಟಾಗುವುದು ಸರಿಯಲ್ಲ. ಅಜ್ಜನೂ ಒಂದು ಕಾಲಕ್ಕೆ ಹೊಸಬನೇ ಆಗಿದ್ದನು, ಆ ಕಾಲದ ಮುದುಕರು ಅವನ ಕುಣಿತ ನೋಡಿ ಮೂಗು ಮುರಿದದ್ದೂ ಉಂಟು.

ಇದಕ್ಕೆ ನಮ್ಮ ಆಟದ ಕ್ರಮದಲ್ಲಿಯೇ ಒಂದು ಉಪಾಯವಿದೆ. ಇಡೀ ರಾತ್ರಿಯ ದೊಡ್ಡ ಪ್ರಸಂಗಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಂಡು ಮಾಡುವುದು ಹಳೆಯ ರೂಢಿ. ಪೂರ್ವಾರ್ಧಕ್ಕೆ ಒಬ್ಬ, ಉತ್ತರಾರ್ಧಕ್ಕೆ ಇನ್ನೊಬ್ಬ. ಪ್ರೇಕ್ಷಕರು ಅದನ್ನು ಸಹಜವೆಂದೇ ಸ್ವೀಕರಿಸುತ್ತಾರೆ. ಕೌರವ ನಡುರಾತ್ರಿಯಲ್ಲಿ ಎತ್ತರ ಬದಲಿಸಿದನೆಂದು ಯಾರೂ ಗೊಣಗುವುದಿಲ್ಲ. ಗೆಜ್ಜೆ ಬಿಚ್ಚಬೇಕೆಂದಿರುವ ಹಿರಿಯರೊಬ್ಬರಿಗೆ ಊರವರು ಕೊನೆಯ ಆಟವೊಂದನ್ನು ಏರ್ಪಡಿಸುವುದಾದರೆ, ಭಾಷಣ ಸನ್ಮಾನಗಳನ್ನು ಚೌಕಿಯ ಹೊರಗಿರಿಸಿ, ಈ ಕ್ರಮವನ್ನು ಅನುಸರಿಸಬಾರದೇಕೆ? ಮೊದಲರ್ಧ ಅವರ ವೇಷ. ಮಂಡಿಯನ್ನು ಕೇಳಬೇಡಿ, ಒಡ್ಡೋಲಗದ ನಡೆಯೊಂದು, ಅವರೇ ಆರಿಸಿದ ಎರಡು ಪದ್ಯ, ಮನಸ್ಸಿಗೆ ಬಂದಷ್ಟು ಮಾತು ಸಾಕು. ಉಳಿದರ್ಧಕ್ಕೆ ಅವರು ಕಲಿಸಿದ ಹುಡುಗನೋ ಹುಡುಗಿಯೋ ಅದೇ ಪಾತ್ರವನ್ನು ಹೊತ್ತು ಬರಲಿ. ಆಗ ಹಿರಿಯರು ಬಣ್ಣ ತೆಗೆದು, ಮುಖ ತೊಳೆದು, ಪಂಚೆಯುಟ್ಟು ಬಂದು ಪ್ರೇಕ್ಷಕರ ಮೊದಲ ಸಾಲಿನಲ್ಲಿ ಕುಳಿತಿರಲಿ. ಅವರಿಗೊಂದು ಲೋಟ ಬಿಸಿ ಕಷಾಯ ಕೊಟ್ಟು, ಪಕ್ಕದಲ್ಲಿ ಕುಳಿತವರು ಮಾತನಾಡಿಸದೆ ಆಟ ನೋಡಲು ಬಿಡಲಿ.